ಪಟ್ಟೆಗುದುರೆಯ ವಿಜಯ: ಒಂದು ಆಕ್ಷೇಪ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಸಂಘದ ಭವನದಲ್ಲಿ ಮಕ್ಕಳಿಗಾಗಿ ಒಂದು ಚಲಚ್ಚಿತ್ರವನ್ನು ತೋರಿಸಿದುದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. 2005ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ರೇಸಿಂಗ್ ಸ್ಟ್ರೈಪ್ಸ್’ ಎಂಬುದು ಅದರ ಹೆಸರು. ಮಾತಾಡುವ ಪ್ರಾಣಿಗಳು, ಕುದುರೆಯ ಪಂದ್ಯ, ಕೊನೆಯಲ್ಲಿ ಜಯಘೋಷ. ರಜೆಯ ಮಧ್ಯಾಹ್ನಕ್ಕೆ ಇನ್ನೇನು ಬೇಕು? ಮಕ್ಕಳು ನಕ್ಕರು, ನಾನೂ ನಕ್ಕೆ. ಅದರಲ್ಲಿ ಬರುವ ಎರಡು ನೊಣಗಳ ಹರಟೆಯನ್ನು ಕೇಳಿ ನಗದೆ ಕುಳಿತಿರಬೇಕಾದರೆ ಮನುಷ್ಯನು ಬಹಳ ದೊಡ್ಡ ತಪಸ್ವಿಯಾಗಿರಬೇಕು. ಚಿತ್ರ ಮುಗಿದ ಮೇಲೆ ನಮ್ಮ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, ಇದು ಹುಟ್ಟಿನ ಹಿರಿಮೆಯನ್ನು ಅಲ್ಲಗಳೆಯುವ ಚಿತ್ರವೆಂದೂ, ಕುಲವಿಲ್ಲದವನು ಕುಲವಂತರನ್ನು ಗೆಲ್ಲುವ ಈ ಕಥೆಯನ್ನು ನಮ್ಮ ಜಿಲ್ಲೆಯ ಪ್ರತಿಯೊಂದು ಶಾಲೆಯಲ್ಲಿಯೂ ತೋರಿಸತಕ್ಕದ್ದೆಂದೂ ಹೇಳಿದರು. ದೀರ್ಘವಾದ ಕರತಾಡನವಾಯಿತು. ನಾನು ಕೈತಟ್ಟಲಿಲ್ಲ. ಏತಕ್ಕೆಂದು ಕೇಳಿದವರಿಗೆ ಅಂದು ಬಾಗಿಲಲ್ಲಿ ನಿಂತು, ಚಪ್ಪಲಿ ಹುಡುಕುತ್ತ, ಉತ್ತರ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ನಿವೇದಿಸಬೇಕು. ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಮಳೆ ಸುರಿಯುವ ಒಂದು ರಾತ್ರಿ, ಊರಿಂದೂರಿಗೆ ಸಾಗುವ ಸರ್ಕಸ್ಸಿನವರು ತಮ್ಮ ಒಂದು ಜೀಬ್ರಾ ಮರಿಯನ್ನು ದಾರಿಯಲ್ಲಿ ಮರೆತು ಹೋಗುವರು. ನೋಲನ್ ವಾಲ್ಷ್ ಎಂಬ ರೈತನು ಅದನ್ನು ಮನೆಗೆ ತರುತ್ತಾನೆ. ಈತನು ಹಿಂದೆ ಪಂದ್ಯದ ಕುದುರೆಗಳನ್ನು ಪಳಗಿಸುವುದರಲ್ಲಿ ಹೆಸರಾದವನು. ಹೆಂಡತಿಯು ಪಂದ್ಯದಲ್ಲಿ ಕುದುರೆಯಿಂದ ಬಿದ್ದು ಸತ್ತ ಮೇಲೆ ಆ ವೃತ್ತಿಯನ್ನು ತೊರೆದವನು. ಮಗಳಾದ ಚಾನಿಂಗಳು ಮರಿಗೆ ‘ಸ್ಟ್ರೈಪ್ಸ್’, ಎಂದರೆ ಪಟ್ಟೆ, ಎಂದು ಹೆಸರಿಟ್ಟು ಸಾಕುತ್ತಾಳೆ. ಬೇಲಿಯಾಚೆಯ ಶ್ರೀಮಂತರ ಕುದುರೆಗಳು ಓಡುವುದನ್ನು ನೋಡಿ ನೋಡಿ, ತಾನೂ ಪಂದ್ಯದ ಕುದುರೆಯೆಂದೇ ಪಟ್ಟೆಯು ನಂಬುತ್ತದೆ. ಟಕರ್ ಎಂಬ ಮುದಿ ತಟ್ಟು ಅದಕ್ಕೆ ಗುರು. ಹೆಸರಾಂತ ನಟರಾದ ಡಸ್ಟಿನ್ ಹಾಫ್‌ಮನ್ನರು ಈ ತಟ್ಟುವಿಗೆ ಕಂಠವನ್ನು ಕೊಟ್ಟಿದ್ದಾರೆ. ಮೇಕೆಯ ಮಾತು ವೂಪಿ ಗೋಲ್ಡ್‌ಬರ್ಗ್ ಅವರದು. ಕುಲೀನಾಶ್ವಗಳು ಹಂಗಿಸುತ್ತವೆ, ಯಜಮಾನಿಯು ಕೊಂಕು ನುಡಿಯುತ್ತಾಳೆ, ತಂದೆಯು ಬೇಡವೆನ್ನುತ್ತಾನೆ. ಕಡೆಗೆ ಚಾನಿಂಗಳೇ ಬೆನ್ನೇರಿ, ‘ಕೆಂಟಕಿ ಓಪನ್’ ಎಂಬ ದೊಡ್ಡ ಪಂದ್ಯದಲ್ಲಿ ಪಟ್ಟೆಯು ಎಲ್ಲರನ್ನೂ ಹಿಂದಿಕ್ಕುತ್ತದೆ.

ಜೀಬ್ರಾ ಕುದುರೆಯಷ್ಟು ಓಡಬಲ್ಲುದೆ ಎಂಬ ಪ್ರಶ್ನೆಯನ್ನು ಬಿಡೋಣ. ಹಾಸ್ಯದ ಕಥೆಗೆ ಗಡಿಯಾರ ಹಿಡಿದು ಕೂರುವುದು ಅರಸಿಕತೆ. ನನ್ನ ಆಕ್ಷೇಪ ಬೇರೆ. ಈ ಚಿತ್ರವು ಮೊದಲಿಂದ ಕಡೆಯವರೆಗೆ ಕೇಳುವುದು ಒಂದೇ ಪ್ರಶ್ನೆ: ಪಂದ್ಯದ ಕಟ್ಟೆಯೊಳಕ್ಕೆ ಯಾರಿಗೆ ಪ್ರವೇಶವುಂಟು? ಒಳಗೆ ನಡೆಯುವುದೇನು ಎಂದು ಒಂದು ಸಲವಾದರೂ ಕೇಳುವುದಿಲ್ಲ. ಹೊರಗಿದ್ದ ಒಬ್ಬನನ್ನು ಒಳಕ್ಕೆ ಬಿಟ್ಟುಕೊಂಡರೆ ಅನ್ಯಾಯವೆಲ್ಲ ಮುಗಿಯಿತೆಂದು ಅದರ ನಂಬಿಕೆ. ಅದೂ, ಗೆದ್ದವನನ್ನು ಬಿಟ್ಟುಕೊಂಡರೆ! ಸೋತಿದ್ದರೆ ಪಟ್ಟೆಯ ಗತಿ ಏನಾಗುತ್ತಿತ್ತು? ಹಂಗಿಸಿದವರ ಮಾತು ಆಗ ನಿಜವಾಗುತ್ತಿತ್ತೆ? ಹುಟ್ಟಿನ ಹಿರಿಮೆಯನ್ನು ಅಲ್ಲಗಳೆದೆವೆಂದು ಹಿಗ್ಗುವ ನಮ್ಮ ಮಿತ್ರರು ಇದನ್ನು ಯೋಚಿಸಿದಂತೆ ಕಾಣಲಿಲ್ಲ. ಹುಟ್ಟಿನ ಬಾಗಿಲಿಗೆ ಬದಲಾಗಿ ಗೆಲವಿನ ಬಾಗಿಲನ್ನು ನಿಲ್ಲಿಸಿದರೆ ಹೊರಗಿರುವವರ ಸಂಖ್ಯೆಯೇನೂ ಕಡಮೆಯಾಗದು; ಏಕೆಂದರೆ ಪಂದ್ಯದಲ್ಲಿ ಗೆಲ್ಲುವುದು ಒಂದೇ.

ಮಾತಾಡುವ ಪ್ರಾಣಿಗಳ ಹಾಸ್ಯಚಿತ್ರವೆಲ್ಲ ಹೀಗೆಯೇ ಇರಬೇಕೆಂದೇನೂ ಇಲ್ಲ. ಇದಕ್ಕೆ ಹತ್ತು ವರ್ಷ ಮೊದಲು, 1995ರಲ್ಲಿ, ಆಸ್ಟ್ರೇಲಿಯದಿಂದ ‘ಬೇಬ್’ ಎಂಬ ಚಿತ್ರ ಬಂದಿತ್ತು. ಡಿಕ್ ಕಿಂಗ್-ಸ್ಮಿತ್ ಎಂಬ ಇಂಗ್ಲಿಷ್ ಲೇಖಕರ ಪುಸ್ತಕವೇ ಅದಕ್ಕೆ ಮೂಲ. ಅಲ್ಲಿ ಒಂದು ಹಂದಿಮರಿಯು ಕುರಿಕಾಯುವ ನಾಯಿಗಳ ಸ್ಪರ್ಧೆಗೆ ಇಳಿದು ಗೆಲ್ಲುತ್ತದೆ. ಮೇಲ್ನೋಟಕ್ಕೆ ಎರಡೂ ಒಂದೇ ಕಥೆ. ಆದರೆ ಹಂದಿಯು ಗೆದ್ದುದು ನಾಯಿಯಂತೆ ಬೊಗಳಿ ಕಚ್ಚಿ ಅಲ್ಲ. ಕುರಿಗಳ ಮುಂದೆ ನಿಂತು, ದಯವಿಟ್ಟು ಹೀಗೆ ಬನ್ನಿರೆಂದು ವಿನಯದಿಂದ ಕೇಳಿ. ಹಂದಿಯು ನಾಯಿಯಾಗಲಿಲ್ಲ, ಆ ಕೆಲಸದ ರೀತಿಯನ್ನೇ ಮಾರ್ಪಡಿಸಿತು. ಕತ್ತಿಯನ್ನೂ ಆ ಚಿತ್ರವು ಮಕ್ಕಳಿಂದ ಬಚ್ಚಿಡುವುದಿಲ್ಲ. ಕ್ರಿಸ್ಮಸ್ ಹಬ್ಬದ ಊಟಕ್ಕೆ ಯಾರು ಬಲಿಯೆಂಬ ಭಯ ಆ ಹಟ್ಟಿಯಲ್ಲೆಲ್ಲ ಹಬ್ಬಿದೆ. ಒಂದು ಬಾತು ಆ ಊಟದ ಮೇಜನ್ನು ಸೇರಿಯೂ ಬಿಡುತ್ತದೆ. ಮಕ್ಕಳು ಅದನ್ನು ನೋಡಿ ಬೆದರಿ ಓಡಿಹೋಗಲಿಲ್ಲ. ನಗುವಿನ ನಡುವೆ ಸತ್ಯವನ್ನು ನುಂಗುವ ಶಕ್ತಿ ಮಕ್ಕಳಿಗೆ ಉಂಟು. ಇಲ್ಲವೆಂದು ಭಾವಿಸುವವರು ದೊಡ್ಡವರೇ.

ಪಟ್ಟೆಯಾದರೋ ಕುದುರೆಯೇ ಆಗಿಬಿಡುತ್ತದೆ. ಅದರ ಪರಮಾನಂದವೆಂದರೆ ಬಾಯಲ್ಲಿ ಕಡಿವಾಣ, ಬೆನ್ನ ಮೇಲೆ ಜೀನು. ಜೀಬ್ರಾದ ಚರಿತ್ರೆಯನ್ನು ಸ್ವಲ್ಪವಾದರೂ ಬಲ್ಲವರಿಗೆ ಇದಕ್ಕಿಂತ ದೊಡ್ಡ ಅಪಹಾಸ್ಯ ತೋರದು. ಆಫ್ರಿಕದ ಅನೇಕ ಕಡೆಗಳಲ್ಲಿ ತ್ಸೆತ್ಸೆ ಎಂಬ ನೊಣ ಕಚ್ಚಿ ಕುದುರೆಗಳು ರೋಗದಿಂದ ಸಾಯುತ್ತಿದ್ದುವು. ಜೀಬ್ರಾಗಳಿಗೆ ಆ ರೋಗದ ಬಾಧೆ ಅಷ್ಟಿರಲಿಲ್ಲ. ಆದುದರಿಂದ ಅಲ್ಲಿಗೆ ಹೋದ ಐರೋಪ್ಯರು ಜೀಬ್ರಾವನ್ನು ಪಳಗಿಸಲು ಬಗೆಬಗೆಯಾಗಿ ಶ್ರಮಿಸಿದರು. ಲಂಡನ್ನಿನ ಧನಿಕರಾದ ವಾಲ್ಟರ್ ರಾತ್‌ಚೈಲ್ಡರು ತಮ್ಮ ಗಾಡಿಗೆ ಜೀಬ್ರಾಗಳನ್ನು ಕಟ್ಟಿ ಅರಮನೆಯವರೆಗೆ ಓಡಿಸಿ ತೋರಿಸಿದರು. ನೈರೋಬಿಯಲ್ಲಿ ರಿಬೇರೋ ಎಂಬ ಗೋವೆಯ ವೈದ್ಯರು ಒಂದು ಜೀಬ್ರಾವನ್ನೇರಿ ರೋಗಿಗಳ ಮನೆಗೆ ಹೋಗುತ್ತಿದ್ದರು. ಆದರೆ ಒಂದೆರಡು ಪಳಗಿದುವೇ ಹೊರತು ಜಾತಿಯು ಪಳಗಲಿಲ್ಲ. ಹೆದರಿದರೆ ಕಚ್ಚಿ ಹಿಡಿದುದನ್ನು ಬಿಡುವುದಿಲ್ಲ. ಒದೆತವಂತೂ ಸಿಂಹದ ದವಡೆಯನ್ನು ಮುರಿಯುವಷ್ಟು. ಮನುಷ್ಯನ ಲಾಯಕ್ಕೆ ಒಗ್ಗದೆ ಉಳಿದುದೇ ಈ ಪ್ರಾಣಿಯ ಹೆಗ್ಗಳಿಕೆ. ಅದಕ್ಕೆ ಸಂದ ಬೆಲೆಯೂ ಉಂಟು: ಇದರ ಸೋದರಬಳಗವಾದ ಕ್ವಾಗವನ್ನು ಬೇಟೆಯಾಡಿ ಮುಗಿಸಿದರು, ಕಟ್ಟಕಡೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು.

ಇನ್ನೊಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಈ ಚಿತ್ರದಲ್ಲಿ ನಾವು ಕಾಣುವ ಹಸುರು ಕೆಂಟಕಿಯು ಕೆಂಟಕಿಯಲ್ಲ. ಚಿತ್ರವನ್ನು ತೆಗೆದುದು ದಕ್ಷಿಣ ಆಫ್ರಿಕದಲ್ಲಿ. ಎಂದರೆ, ಜೀಬ್ರಾವು ತನ್ನ ತಾಯ್ನೆಲದ ಹುಲ್ಲಿನ ಮೇಲೆಯೇ ನಿಂತು ತಾನು ಪರದೇಶಿಯೆಂದು ಅಳುತ್ತಿದೆ. ಬ್ರಿಟನ್ನಿನಲ್ಲಿ ಬೆಳೆದ ತಳಿಯ ಕುದುರೆಗಳು ಅಲ್ಲಿಯ ಮೂಲನಿವಾಸಿಗಳಂತೆ ಗತ್ತು ತೋರುತ್ತಿವೆ. ಕ್ಯಾಮರಾ ಹಿಡಿದವರಿಗೆ ಇದು ಹೊಳೆಯದೆ ಹೋದುದು ಆಶ್ಚರ್ಯ.

ಆ ಕುಲೀನಾಶ್ವಗಳ ಕುಲವಾದರೂ ಎಂಥದು? ಪಂದ್ಯದ ಕುದುರೆಗೆ ‘ಥರೋಬ್ರೆಡ್’ ಎಂದು ಹೆಸರು. ಇವುಗಳ ವಂಶಾವಳಿಯ ಗ್ರಂಥವನ್ನು ಇಂಗ್ಲೆಂಡಿನಲ್ಲಿ 1791ರಿಂದ ಅಚ್ಚುಹಾಕುತ್ತ ಬಂದಿದ್ದಾರೆ. ತಂದೆತಾಯಿಗಳು ಆ ಗ್ರಂಥದಲ್ಲಿ ಇಲ್ಲದ ಪ್ರಾಣಿಗೆ ಥರೋಬ್ರೆಡ್ ಪಂದ್ಯದ ಬಾಗಿಲು ಇಂದಿಗೂ ತೆರೆಯುವುದಿಲ್ಲ. ಎಷ್ಟು ಧೈರ್ಯವಿದ್ದರೂ, ಎಷ್ಟು ಶುಲ್ಕ ತೆತ್ತರೂ ತೆರೆಯದು. ಆದರೆ ಆ ಗ್ರಂಥದ ಬುಡಕ್ಕೆ ಇಳಿದು ನೋಡಿದರೆ ಗಂಡುಸಂತತಿಯ ಮೂಲದಲ್ಲಿ ನಿಲ್ಲುವುವು ಮೂರು ಹೆಸರು: ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಮೂರೂ ಪೂರ್ವದಿಕ್ಕಿನಿಂದ ಇಂಗ್ಲೆಂಡಿಗೆ ಬಂದ ಹೊರಗಿನವು! ಪಟ್ಟೆಯನ್ನು ಹಂಗಿಸುವ ಕುದುರೆಯ ಮುತ್ತಜ್ಜನೇ ಒಂದು ಕಾಲಕ್ಕೆ ಹಡಗಿನಿಂದಿಳಿದ ಪರದೇಶಿ. ಹುಟ್ಟಿನ ಹಮ್ಮನ್ನು ಮುರಿಯುವ ಉದ್ದೇಶ ನಿಜವಾಗಿಯೂ ಇದ್ದಿದ್ದರೆ ಮುದಿ ತಟ್ಟುವಿನ ಬಾಯಿಂದ ಇದೊಂದು ಮಾತನ್ನು ಆಡಿಸಬಹುದಾಗಿತ್ತು. ಅಂಥ ನಗೆಯನ್ನು ಬಿಟ್ಟು ಸಗಣಿಯ ನಗೆಯನ್ನು ಆರಿಸಿಕೊಂಡರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೈಬಣ್ಣದ ಕಾರಣದಿಂದ ಪಂದ್ಯದ ಕಟ್ಟೆಯಿಂದ ಹೊರದೂಡಲ್ಪಟ್ಟವರ ಕಥೆಯನ್ನು, ಕೆಂಟಕಿಯಲ್ಲಿಯೇ ನಡೆದಂತೆ, ಈ ಚಿತ್ರವು ಹೇಳುತ್ತದೆಯಷ್ಟೆ. ಅಂಥ ಕಥೆ ಕೆಂಟಕಿಯಲ್ಲಿ ನಿಜವಾಗಿ ನಡೆದಿದೆ. ನಡೆದುದು ಮನುಷ್ಯರಿಗೆ.

ಕೆಂಟಕಿಯ ಲೂಯಿವಿಲ್ ನಗರದಲ್ಲಿ ‘ಡರ್ಬಿ’ ಎಂಬ ಪ್ರಖ್ಯಾತ ಪಂದ್ಯವು 1875ರಲ್ಲಿ ಆರಂಭವಾಯಿತು. ಆ ಮೊದಲನೆಯ ಪಂದ್ಯದಲ್ಲಿ ಓಡಿದ ಕುದುರೆಗಳು 15. ಅವುಗಳ ಸವಾರರಲ್ಲಿ 13 ಮಂದಿ ಕರಿಯ ಜನ. ಗೆದ್ದ ಕುದುರೆ ಅರಿಸ್ಟೈಡೀಸ್, ಸವಾರ ಆಲಿವರ್ ಲೂಯಿಸ್, ಪಳಗಿಸಿದವರು ಆನ್ಸೆಲ್ ವಿಲಿಯಂಸನ್. ಈ ವಿಲಿಯಂಸನ್ನರು ಗುಲಾಮರಾಗಿ ಹುಟ್ಟಿದವರು. ಅಂತಃಕಲಹವು ಮುಗಿದು ಗುಲಾಮಗಿರಿ ರದ್ದಾಗಿ ಆಗ ಹತ್ತೇ ವರ್ಷಗಳಾಗಿದ್ದುವು. ಕುದುರೆಯ ಲಾಯಗಳಲ್ಲಿ ತಲೆಮಾರುಗಳಿಂದ ದುಡಿದು ಆ ವಿದ್ಯೆಯನ್ನು ಕರತಲಾಮಲಕ ಮಾಡಿಕೊಂಡಿದ್ದವರು ಇವರೇ. ಐಸಕ್ ಮರ್ಫಿ ಎಂಬ ಕರಿಯ ಸವಾರರು 1884, 1890, 1891, ಹೀಗೆ ಮೂರು ಸಲ ಡರ್ಬಿಯನ್ನು ಗೆದ್ದರು. ಅವರ ಹಿಂದೆಯೇ ಬಂದವರು ಜಿಮ್ಮಿ ವಿಂಕ್‌ಫೀಲ್ಡರು. 1901ರಲ್ಲಿ ಒಮ್ಮೆ, 1902ರಲ್ಲಿ ಮತ್ತೊಮ್ಮೆ ಗೆದ್ದರು. ಇವರ ತರುವಾಯ ಡರ್ಬಿಯನ್ನು ಗೆದ್ದ ಕರಿಯ ಸವಾರರೇ ಇಲ್ಲ.

ಏಕೆ ಇಲ್ಲ? ವಿದ್ಯೆ ಮರೆತುಹೋಯಿತೆ? ಪಂದ್ಯದ ಹಣ ಏರುತ್ತ ಹೋದಂತೆ, ಹಣದ ಹಿಂದೆ ಬಿಳಿಯ ಸವಾರರು ಬಂದರು. ಓಟದ ನಡುವೆ ಕರಿಯ ಸವಾರನ ಕುದುರೆಯನ್ನು ಬೇಲಿಗೆ ಒತ್ತರಿಸುವುದು, ಸುತ್ತುಗಟ್ಟಿ ಮುಂದೆ ಬಿಡದಿರುವುದು, ಚಾವಟಿಯನ್ನು ಕುದುರೆಗೆ ಬದಲಾಗಿ ಸವಾರನ ಮೇಲೆ ಬೀಸುವುದು, ಇವೆಲ್ಲ ನಡೆದುವು. ಅಪಾಯಕ್ಕೆ ಅಂಜಿದ ಮಾಲಿಕರು ಕರಿಯ ಸವಾರರಿಗೆ ಕುದುರೆಯನ್ನು ಕೊಡುವುದನ್ನೇ ನಿಲ್ಲಿಸಿದರು. ಯಾವ ಕಾನೂನೂ ಬೇಕಾಗಲಿಲ್ಲ. 1921ರಲ್ಲಿ ಒಬ್ಬ ಕರಿಯ ಸವಾರರು ಡರ್ಬಿಯಲ್ಲಿ ಓಡಿದುದೇ ಕಡೆ. ಮತ್ತೊಬ್ಬರು ಆ ಕಟ್ಟೆಯಲ್ಲಿ ಡರ್ಬಿಗೆಂದು ಜೀನಿನ ಮೇಲೆ ಕುಳಿತುದು 2000ದಲ್ಲಿ. ನಡುವೆ 79 ವರ್ಷ! ಇದಾದ ಐದೇ ವರ್ಷಕ್ಕೆ ನಮ್ಮ ಪಟ್ಟೆಯು ತೆರೆಯ ಮೇಲೆ ಒಂದೂವರೆ ಗಂಟೆಯಲ್ಲಿ ಎಲ್ಲವನ್ನೂ ಗೆದ್ದು ಹಾರ ಹಾಕಿಸಿಕೊಂಡಿತು.

ವಿಂಕ್‌ಫೀಲ್ಡರ ಬಾಳು ಯಾವ ಕಟ್ಟುಕಥೆಗೂ ಕಡಮೆಯದಲ್ಲ. ತಾಯ್ನಾಡಿನಲ್ಲಿ ಕುದುರೆ ಸಿಕ್ಕದೆ ಹೋದಾಗ 1904ರಲ್ಲಿ ರಷ್ಯಕ್ಕೆ ಹೋದರು. ಚಕ್ರವರ್ತಿಯ ನಾಡಿನಲ್ಲಿ ಹಣವನ್ನೂ ಕೀರ್ತಿಯನ್ನೂ ಗಳಿಸಿದರು. ಕ್ರಾಂತಿಯ ಬೆಂಕಿ ಹತ್ತಿದಾಗ, 1919ರಲ್ಲಿ, ಇನ್ನೂರರಷ್ಟು ಪಂದ್ಯದ ಕುದುರೆಗಳನ್ನು ಒಡೆಸ್ಸ ಪಟ್ಟಣದಿಂದ ಪೋಲೆಂಡಿನವರೆಗೆ ಹೊಡೆದುಕೊಂಡು ಹೋದವರಲ್ಲಿ ಇವರೂ ಒಬ್ಬರು. ಅಲ್ಲಿಂದ ಫ್ರಾನ್ಸಿಗೆ ಹೋಗಿ ನೆಲೆಸಿದರು. 1961ರಲ್ಲಿ, ಡರ್ಬಿಯ ಸಮಯದ ಒಂದು ಔತಣಕ್ಕೆ ಅವರಿಗೆ ಆಹ್ವಾನ ಬಂದಿತು. ಇಳಿವಯಸ್ಸಿನ ಆ ಮನುಷ್ಯರು ಮಗಳೊಡನೆ ಲೂಯಿವಿಲ್ಲಿನ ದೊಡ್ಡ ಹೋಟೆಲಿನ ಮುಂಬಾಗಿಲಿಗೆ ಬಂದಾಗ, ಕರಿಯರು ಈ ಬಾಗಿಲಿನಿಂದ ಬರಕೂಡದೆಂದು ತಡೆದರು. ಕೈಯಲ್ಲಿ ಆಹ್ವಾನ, ಹಿಂದೆ ಎರಡು ಡರ್ಬಿಗಳ ವಿಜಯ. ಗೆದ್ದವನಿಗೆ ಬಾಗಿಲು ತೆರೆಯುವುದೆಂದು ನಮ್ಮ ಮಕ್ಕಳಿಗೆ ಕಲಿಸಬೇಕೆನ್ನುವ ಮಿತ್ರರು ಈ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಪ್ರಾರ್ಥಿಸುತ್ತೇನೆ. ಅಮೆರಿಕದ ಪಂದ್ಯಲೋಕದವರು ವಿಂಕ್‌ಫೀಲ್ಡರ ಹೆಸರನ್ನು ತಮ್ಮ ಕೀರ್ತಿಮಂದಿರದಲ್ಲಿ ಸೇರಿಸಿದುದು 2004ರಲ್ಲಿ, ಅವರು ತೀರಿಕೊಂಡು 30 ವರ್ಷಗಳಾದ ಮೇಲೆ, ಪ್ರಕೃತ ಚಿತ್ರವು ತೆರೆಗೆ ಬರುವುದಕ್ಕೆ ಒಂದು ವರ್ಷ ಮೊದಲು. ವಿಷಯವು ಯಾರ ಕೈಗೂ ಎಟುಕದಂತೆ ಅಡಗಿದ್ದಿತೆಂದು ಹೇಳುವಹಾಗಿಲ್ಲ.

ಜೀಬ್ರಾದ ಹಿಂದೆ ಮನುಷ್ಯರನ್ನು ಕಾಣಬೇಕೆಂಬುದೇ ಕವಿಯ ಆಶಯವಿರಬಹುದಲ್ಲವೆ ಎಂದು ಕೆಲವರು ಕೇಳಿಯಾರು. ಹಾಗಿದ್ದರೆ ಇನ್ನೂ ಕೆಟ್ಟಿತು. ನೋವುಂಡವರ ಹೆಸರನ್ನು ಅಳಿಸಿ, ಅವರ ನೋವನ್ನು ಮಾತ್ರ ಎರವಲು ತಂದು, ಅದಕ್ಕೆ ಪಟ್ಟೆಯ ಚರ್ಮವನ್ನು ಹೊದಿಸಿ, ಕೊನೆಗೆ ಎಲ್ಲವೂ ಸುಖವಾಯಿತೆಂದು ಮುಗಿಸುವುದು ಅನ್ಯೋಕ್ತಿಯಲ್ಲ, ಅಪಹಾರ.

ತಂದೆಯ ವಿಷಯವಾಗಿ ಎರಡು ಮಾತು ಉಳಿದಿದೆ. ಇಡೀ ಚಿತ್ರದಲ್ಲಿ ನನಗೆ ಸತ್ಯವೆಂದು ತೋರಿದ ಭಾವ ಒಂದೇ. ಅದು ನೋಲನ್ ವಾಲ್ಷನ ಭಯ. ಹೆಂಡತಿಯನ್ನು ಪಂದ್ಯಕ್ಕೆ ತೆತ್ತವನು ಮಗಳನ್ನು ಕುದುರೆಯೇರಬೇಡವೆನ್ನುತ್ತಾನೆ. ಚಿತ್ರವು ಈ ಭಯವನ್ನು ಒಂದು ರೋಗವೆಂದು ಎಣಿಸಿ, ಅದಕ್ಕೆ ಚಿಕಿತ್ಸೆ ಮಾಡಿ, ಕಡೆಯಲ್ಲಿ ಅವನನ್ನು ಕಟಕಟೆಯ ಬಳಿ ನಿಲ್ಲಿಸಿ ಉಲ್ಲಾಸದಿಂದ ಕೂಗಿಸುತ್ತದೆ. ಆ ಭಯ ರೋಗವಲ್ಲ, ಕಂಡುಂಡವನ ವಿವೇಕ. ಸುಮಾರು 450, 500 ಕಿಲೋ ತೂಕದ ಪ್ರಾಣಿಯು, ನಮ್ಮ ಮಣಿಕಟ್ಟಿಗಿಂತ ಹೆಚ್ಚೇನೂ ದಪ್ಪವಲ್ಲದ ಮೂಳೆಗಳ ಮೇಲೆ, ಗಂಟೆಗೆ 60 ಕಿಲೋಮೀಟರಿನಂತೆ ಓಡುವಾಗ ಒಂದು ಹೆಜ್ಜೆ ತಪ್ಪಿದರೆ ಆಗುವುದೇನು? ಕಾಲು ಮುರಿದ ಕುದುರೆಯು ಮನುಷ್ಯನಂತೆ ತಿಂಗಳುಗಟ್ಟಲೆ ಮಲಗಿರಲಾರದು; ಉಳಿದ ಕಾಲುಗಳ ಮೇಲೆ ಭಾರ ಬಿದ್ದು ಆ ಗೊರಸುಗಳೂ ಕೊಳೆಯತೊಡಗುವುವು. ರಫಿಯನ್ ಎಂಬ ಹೆಣ್ಣುಕುದುರೆಯು 1975ರಲ್ಲಿ ಹೀಗೆಯೇ ಓಟದ ನಡುವೆ ಕಾಲು ಮುರಿದುಕೊಂಡು ಸತ್ತಿತು. 2006ರ ಡರ್ಬಿಯನ್ನು ಗೆದ್ದ ಬಾರ್ಬರೋ, ಎರಡೇ ವಾರಗಳಲ್ಲಿ ಮತ್ತೊಂದು ಪಂದ್ಯದಲ್ಲಿ ಹಿಂಗಾಲು ಮುರಿದುಕೊಂಡಿತು. ಅಮೆರಿಕದ ಅತ್ಯುತ್ತಮ ವೈದ್ಯರು ಎಂಟು ತಿಂಗಳು ಹೆಣಗಿದರೂ ಫಲಿಸದೆ 2007ರಲ್ಲಿ ಅದನ್ನು ಮರಣಕ್ಕೆ ಒಪ್ಪಿಸಬೇಕಾಯಿತು. 2008ರ ಡರ್ಬಿಯಲ್ಲಿ ಏಟ್ ಬೆಲ್ಸ್ ಎಂಬುದು ಎರಡನೆಯದಾಗಿ ಗುರಿಯನ್ನು ಮುಟ್ಟಿ, ಮುಟ್ಟಿದ ಕ್ಷಣಗಳಲ್ಲಿಯೇ ಮುಂಗಾಲೆರಡೂ ಮುರಿದು ಬಿದ್ದಿತು. ಅಲ್ಲಿಯೇ, ಆ ಮಣ್ಣಿನ ಮೇಲೆಯೇ, ಸೂಜಿ ಚುಚ್ಚಿ ಅದರ ಪ್ರಾಣವನ್ನು ತೆಗೆದರು. 2023ರಲ್ಲಿ ಡರ್ಬಿಯ ಕಟ್ಟೆಯಲ್ಲಿ ಸುಮಾರು ಒಂದು ತಿಂಗಳೊಳಗೆ 12 ಕುದುರೆಗಳು ಸತ್ತು, ಪಂದ್ಯಗಳನ್ನು ಬೇರೆ ಊರಿಗೆ ಸಾಗಿಸಬೇಕಾಯಿತು. ಮರುವರ್ಷದ ಡರ್ಬಿಯ ಒಂದೇ ಓಟದ ಮೇಲೆ ಜನರು ಕಟ್ಟಿದ ಪಣವಾದರೋ 20 ಕೋಟಿ ಡಾಲರನ್ನು ಮೀರಿತು. ಮೂಳೆಗಳು ಮುರಿಯುವುದು ಯಾರ ಸಲುವಾಗಿ ಎಂಬುದಕ್ಕೆ ಈ ಅಂಕಿಯೊಂದು ಸಾಕು.

ಮಕ್ಕಳ ಆಟದ ಚಿತ್ರಕ್ಕೆ ಇಷ್ಟೊಂದು ತರ್ಕವೆ ಎಂದು ನಗುವವರಿಗೆ ನಾನು ದುರ್ಗಸಿಂಹನನ್ನು ನೆನಪಿಸುತ್ತೇನೆ. ಹನ್ನೊಂದನೆಯ ಶತಮಾನದಲ್ಲಿಯೇ ನಮ್ಮ ಭಾಷೆಯಲ್ಲಿ ಪಂಚತಂತ್ರವನ್ನು ಬರೆದ ಆ ಮಹನೀಯನು ಎತ್ತು, ಸಿಂಹ, ನರಿಗಳಿಂದ ಮಾತಾಡಿಸಿದುದು ಮನುಷ್ಯರ ಕಣ್ಣು ತೆರೆಸಲೆಂದು. ಅವನ ಸಿಂಹದ ಆಸ್ಥಾನದಲ್ಲಿ ಚಾಡಿಯುಂಟು, ವಂಚನೆಯುಂಟು, ಸಾವೂ ಉಂಟು. ಅರಮನೆಯೊಳಗೆ ನಡೆಯುವುದೇನೆಂದು ಹೇಳದೆ ಅವನು ಎತ್ತನ್ನು ಅರಮನೆಗೆ ಕಳುಹಿಸಲಿಲ್ಲ. ಗೋವಿನ ಹಾಡನ್ನು ಕೇಳಿ ಅಳದೆ ಬೆಳೆದ ಕನ್ನಡದ ಕೂಸು ಯಾವುದು? ಅದೂ ಮಕ್ಕಳಿಗೆಂದೇ ಹಾಡಿದುದಲ್ಲವೆ?

ನಮ್ಮಲ್ಲಿಯೂ ಬೆಂಗಳೂರು, ಮೈಸೂರುಗಳಲ್ಲಿ ಕುದುರೆಜೂಜುಂಟು, ಕರಾವಳಿಯಲ್ಲಿ ಕಂಬಳವುಂಟು, ಕೆಂಟಕಿಯವರಿಗೆ ಬುದ್ಧಿ ಹೇಳಲು ನೀನಾರು ಎನ್ನುವವರೂ ಉಂಟು. ಒಪ್ಪಿದೆ. ಹಾಗಿರುವುದರಿಂದಲೇ ನಮ್ಮ ಮಕ್ಕಳು ಕಟ್ಟೆಯ ಒಳಗನ್ನು ನೋಡಲು ಕಲಿಯಬೇಕೆನ್ನುತ್ತೇನೆ. ಚಿತ್ರವನ್ನು ನಿಷೇಧಿಸಿರೆಂದು ನಾನು ಹೇಳುತ್ತಿಲ್ಲ. ನಿಷೇಧದಿಂದ ಯಾವ ಚಿತ್ರವೂ ಬಡವಾದುದಿಲ್ಲ. ಅಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಎಂಟು ವರ್ಷದ ಹುಡುಗಿಯೊಬ್ಬಳು, ಎಲ್ಲರೂ ಕೈತಟ್ಟುತ್ತಿರುವಾಗ, “ಅಜ್ಜಾ, ಆ ಹುಡುಗಿಯ ಅಮ್ಮ ಬಿದ್ದಳಲ್ಲ, ಆ ಕುದುರೆಗೆ ಏನಾಯ್ತು?” ಎಂದು ಕೇಳಿದಳು. ಚಿತ್ರ ತೆಗೆದವರಿಗಿಂತ ಅವಳು ಬುದ್ಧಿವಂತೆ. ನನಗೆ ಉತ್ತರ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಬರುವ ರಜೆಯಲ್ಲಿ ಈ ಚಿತ್ರವನ್ನೇ ಮತ್ತೆ ತೋರಿಸುವುದಾದರೆ, ಮುಗಿದ ಮೇಲೆ ಅರ್ಧಗಂಟೆ ಮಕ್ಕಳನ್ನು ಕೂರಿಸಿಕೊಂಡು ಜಿಮ್ಮಿ ವಿಂಕ್‌ಫೀಲ್ಡರ ಕಥೆಯನ್ನು ಹೇಳಲು ನನಗೆ ಅವಕಾಶ ಕೊಡಬೇಕೆಂದು ಸಂಘದ ಕಾರ್ಯದರ್ಶಿಗಳಿಗೆ ಬರೆದುಕೊಂಡಿದ್ದೇನೆ. ಕಾಫಿಯ ಖರ್ಚು ನನ್ನದೆಂದೂ ತಿಳಿಸಿದ್ದೇನೆ. ಉತ್ತರವಿನ್ನೂ ಬಂದಿಲ್ಲ.